ತರ್ಕಶಾಸ್ತ್ರದ ಸ್ವರೂಪ ಮತ್ತು ಪ್ರಯೋಜನ

ಮನುಷ್ಯನು ವಿಚಾರಶೀಲ ಪ್ರಾಣಿಯೆಂದು ಹೇಳುವ ವಾಡಿಕೆಯುಂಟು. ವಿಚಾರಮಾಡುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಮೋಡವನ್ನು ಕಂಡು ಕೊಡೆಯನ್ನು ಕೈಗೆತ್ತಿಕೊಳ್ಳುವ ಬಾಲಕನೂ ವಿಚಾರಮಾಡಿಯೇ ಹಾಗೆ ಮಾಡುತ್ತಾನೆ. ಆದರೆ ವಿಚಾರಮಾಡುವುದು ಬೇರೆ, ಸರಿಯಾಗಿ ವಿಚಾರಮಾಡುವುದು ಬೇರೆ. ಎಲ್ಲರೂ ಮಾತನಾಡುವರು, ಆದರೆ ಮಾತಿನಲ್ಲಿ ತಪ್ಪಾವುದು, ಒಪ್ಪಾವುದು ಎಂಬುದನ್ನು ತಿಳಿಯಬೇಕಾದರೆ ವ್ಯಾಕರಣದ ಸಹಾಯ ಬೇಕು. ಅಂತೆಯೇ ಎಲ್ಲರೂ ವಿಚಾರಮಾಡುವರು. ವಿಚಾರದ ತಪ್ಪುಒಪ್ಪುಗಳನ್ನು ತಿಳಿಸುವ ಶಾಸ್ತ್ರವೇ ತರ್ಕಶಾಸ್ತ್ರ.

ಈ ಶಾಸ್ತ್ರದ ವಿಷಯವನ್ನು ಒಂದೇ ಪದದಲ್ಲಿ ಹೇಳಬೇಕಾದರೆ, ಅದು 'ಆದ್ದರಿಂದ' ಎಂಬ ಪದ. "ಮೋಡ ಕವಿದಿದೆ, ಆದ್ದರಿಂದ ಮಳೆ ಬರಬಹುದು". "ಈ ತ್ರಿಭುಜದ ಎರಡು ಬಾಹುಗಳು ಸಮ, ಆದ್ದರಿಂದ ಅವುಗಳ ಎದುರಿನ ಕೋನಗಳೂ ಸಮ". "ಅವನು ತಲೆ ತಗ್ಗಿಸಿ ನಿಂತಿದ್ದಾನೆ, ಆದ್ದರಿಂದ ಅವನೇ ತಪ್ಪಿತಸ್ಥ" - ದಿನಕ್ಕೆ ನೂರು ಬಾರಿ ಈ ಪದವನ್ನು ಬಾಯಿಂದಲೋ ಮನಸ್ಸಿನಿಂದಲೋ ನಾವು ನುಡಿಯುತ್ತೇವೆ. ಯಾವಾಗ ಹಾಗೆ ನುಡಿಯಲು ನಮಗೆ ಅಧಿಕಾರವಿದೆ, ಯಾವಾಗ ಇಲ್ಲ? ಇದೇ ತರ್ಕಶಾಸ್ತ್ರದ ಮೂಲಪ್ರಶ್ನೆ. ಮಹಾರಾಷ್ಟ್ರದಲ್ಲಿ 11 ಮತ್ತು 12ನೆಯ ತರಗತಿಗಳ ಕಲಾವಿಭಾಗದಲ್ಲಿ ತರ್ಕಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುವ ಅವಕಾಶವಿದೆ. ಅದನ್ನು ಮುಂದೆ ಓದುವವರಿಗೂ ಓದದವರಿಗೂ ಉಪಯುಕ್ತವಾಗುವಷ್ಟನ್ನು ಇಲ್ಲಿ ನಿರೂಪಿಸಲಾಗಿದೆ.

ಮನೆಮಾತಿನಲ್ಲಿ ಅಡಗಿರುವ ಶಾಸ್ತ್ರ

ತರ್ಕವು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಭಾರತದಲ್ಲಿ ಇದನ್ನು ವಿಸ್ತಾರವಾಗಿ ಬೆಳೆಸಿದವರು ನ್ಯಾಯದರ್ಶನದವರು, ಬೌದ್ಧರು ಮತ್ತು ಜೈನರು. ಗೌತಮನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನ್ಯಾಯಸೂತ್ರಗಳು ವಿಚಾರಮಾಡಬೇಕಾದ ಪದಾರ್ಥಗಳು 16 ಎಂದು ಎಣಿಸುತ್ತವೆ. ಪ್ರಮಾಣ, ಸಂಶಯ, ಪ್ರಯೋಜನ, ದೃಷ್ಟಾಂತ, ಸಿದ್ಧಾಂತ, ತರ್ಕ, ನಿರ್ಣಯ, ವಾದ, ವಿತಂಡ, ಛಲ, ಜಾತಿ ಮುಂತಾದವು ಅವುಗಳಲ್ಲಿ ಸೇರಿವೆ. ಈ ಪಟ್ಟಿಯನ್ನು ನೋಡಿದರೆ ಕನ್ನಡಿಗನಿಗೆ ಒಂದು ವಿಷಯ ಹೊಳೆಯದಿರದು. ಇವೆಲ್ಲವೂ ನಮ್ಮ ಮನೆಯಲ್ಲಿ, ಓಣಿಯಲ್ಲಿ, ಪತ್ರಿಕೆಗಳಲ್ಲಿ ಓಡಾಡುವ ಪದಗಳೇ.

ಆದರೆ ಓಡಾಟದಲ್ಲಿ ಇವುಗಳ ಅರ್ಥ ಬದಲಾಗಿದೆ. 'ಪ್ರಮಾಣ' ಎಂದರೆ ನಾವು ಆಣೆ ಎಂದೋ ಅಳತೆ ಎಂದೋ ತಿಳಿಯುತ್ತೇವೆ. ಶಾಸ್ತ್ರದಲ್ಲಿ ಅದು ಯಥಾರ್ಥಜ್ಞಾನದ ಸಾಧನ. 'ಪ್ರತಿಜ್ಞೆ' ಎಂದರೆ ಪ್ರಾರ್ಥನೆಯ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ನಾವು ಹೇಳುವ ಮಾತು. ಶಾಸ್ತ್ರದಲ್ಲಿ ಅದು ಸಾಧಿಸಿ ತೋರಿಸಬೇಕಾದ ವಾಕ್ಯ. 'ಛಲ' ಎಂದರೆ ನಮಗೆ ಹಿಡಿದದ್ದನ್ನು ಬಿಡದ ಗುಣ. ಶಾಸ್ತ್ರದಲ್ಲಿ ಅದು ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ಖಂಡಿಸುವ ವಂಚನೆ. ಇದಕ್ಕೆ ನೈಯಾಯಿಕರು ಕೊಡುವ ಹಳೆಯ ಉದಾಹರಣೆ ಕನ್ನಡದಲ್ಲಿಯೂ ಹಾಗೆಯೇ ಒಪ್ಪುತ್ತದೆ. ಹೊಸ ಕಂಬಳಿಯನ್ನು ಹೊದ್ದ ಬಾಲಕನನ್ನು ನೋಡಿ ಒಬ್ಬನು, "ಇವನದು ನವಕಂಬಳಿ" ಎನ್ನುತ್ತಾನೆ. ಇನ್ನೊಬ್ಬನು, "ಎಲ್ಲಿ ಒಂಬತ್ತು ಕಂಬಳಿ? ಒಂದೇ ಇದೆಯಲ್ಲ!" ಎಂದು ಹಂಗಿಸುತ್ತಾನೆ. 'ನವ' ಎಂಬುದಕ್ಕೆ ಹೊಸದು ಮತ್ತು ಒಂಬತ್ತು ಎಂಬ ಎರಡರ್ಥಗಳಿರುವುದೇ ಅವನ ಬಲ. ಅವನು ಮಾತನ್ನು ಗೆದ್ದನು, ಸತ್ಯವನ್ನಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪಲ್ಲಟವು 'ಅನುಮಾನ' ಎಂಬ ಪದದಲ್ಲಿ ಆಗಿದೆ. "ನನಗೆ ಅವನ ಮೇಲೆ ಅನುಮಾನ" ಎಂದರೆ ಕನ್ನಡದಲ್ಲಿ ಸಂದೇಹವೆಂದರ್ಥ. ಶಾಸ್ತ್ರದಲ್ಲಿಯಾದರೋ ಅನುಮಾನವು ಸಂದೇಹಕ್ಕೆ ನೇರ ವಿರುದ್ಧ. ಅದು ಪ್ರತ್ಯಕ್ಷದಂತೆಯೇ ಒಂದು ಪ್ರಮಾಣ. ಕಂಡದ್ದರ ಆಧಾರದಿಂದ ಕಾಣದ್ದನ್ನು ನಿಶ್ಚಯವಾಗಿ ತಿಳಿಯುವ ಮಾರ್ಗ. ಒಂದೇ ಪದವು ಸಂದೇಹಕ್ಕೂ ನಿಶ್ಚಯಕ್ಕೂ ಹೆಸರಾಗಿರುವುದು ಕುತೂಹಲದ ಸಂಗತಿ ಮಾತ್ರವಲ್ಲ, ಅಪಾಯದ ಸಂಗತಿಯೂ ಹೌದು. ಏಕೆಂದರೆ ಲೋಕದಲ್ಲಿ ನಡೆಯುವ ಅನೇಕ ಅನ್ಯಾಯಗಳು ಮೊದಲನೆಯ ಅನುಮಾನವನ್ನು ಎರಡನೆಯದೆಂದು ಭ್ರಮಿಸುವುದರಿಂದ ಹುಟ್ಟುತ್ತವೆ. ಇದನ್ನು ಮುಂದೆ ನೋಡೋಣ.

ಬೆಟ್ಟ, ಹೊಗೆ ಮತ್ತು ಬೆಂಕಿ

ಶಾಸ್ತ್ರೀಯವಾದ ಅನುಮಾನದ ರಚನೆ ಹೇಗಿರುತ್ತದೆ? ನೈಯಾಯಿಕರ ಪ್ರಕಾರ ಇನ್ನೊಬ್ಬರಿಗೆ ತಿಳಿಯಪಡಿಸುವ ಅನುಮಾನಕ್ಕೆ 5 ಅವಯವಗಳಿರುತ್ತವೆ. ದೂರದ ಬೆಟ್ಟದಲ್ಲಿ ಹೊಗೆ ಏಳುತ್ತಿರುವುದನ್ನು ಒಬ್ಬನು ನೋಡಿದನೆನ್ನಿ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಅವನ ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡಿಗೆಮನೆಯಲ್ಲಿರುವಂತೆ, ಎಂಬುದು ಉದಾಹರಣೆ. ಈ ಬೆಟ್ಟವೂ ಅಂಥ ಹೊಗೆಯುಳ್ಳದ್ದೇ ಎಂಬುದು ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ನಿಗಮನ.

ಈ ಐದರ ಜೀವಾಳವು ಮೂರನೆಯದರಲ್ಲಿದೆ. ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಂಬಂಧಕ್ಕೆ 'ವ್ಯಾಪ್ತಿ' ಎಂದು ಹೆಸರು. ವ್ಯಾಪ್ತಿಯು ಗಟ್ಟಿಯಾಗಿದ್ದರೆ ಅನುಮಾನ ಗಟ್ಟಿ. ವ್ಯಾಪ್ತಿಯು ಸಡಿಲವಾದರೆ ಅನುಮಾನವೂ ಸಡಿಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವ್ಯಾಪ್ತಿಗೆ ದಿಕ್ಕುಂಟು. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಜ. ಅದರಿಂದ, ಬೆಂಕಿಯಿದ್ದಲ್ಲಿ ಹೊಗೆಯಿರುತ್ತದೆ ಎಂಬುದು ಸಿದ್ಧವಾಗುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ಪ್ರಾಚೀನರು ತೋರಿಸಿದರು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಗರದ ಅಡಿಗೆಮನೆಗಳಲ್ಲಿ ನೀಲಿ ಉರಿಯ ಗ್ಯಾಸ್ ಒಲೆಯೇ ಇದಕ್ಕೆ ಸಾಕ್ಷಿ. ಪ್ರಾಚೀನರಿಗೆ ಹೊಗೆ ಬೆಂಕಿಗಳ ಜೊತೆವಾಸಕ್ಕೆ ದೃಷ್ಟಾಂತವಾಗಿದ್ದ ಅಡಿಗೆಮನೆಯು ಇಂದು ಬೆಂಕಿಯಿದ್ದೂ ಹೊಗೆಯಿಲ್ಲದ ಸ್ಥಳಕ್ಕೆ ದೃಷ್ಟಾಂತವಾಗಿದೆ. ಹಾಗಾದರೆ ಬೆಂಕಿಯು ಯಾವಾಗ ಹೊಗೆಯನ್ನು ಕೊಡುತ್ತದೆ? ಸೌದೆ ಹಸಿಯಾಗಿದ್ದಾಗ ಎಂದು ನೈಯಾಯಿಕರು ಉತ್ತರಿಸಿದರು. ಹೀಗೆ ಹೇಳದೆ ಉಳಿದ, ಆದರೆ ಸಂಬಂಧವನ್ನು ನಿಜವಾಗಿ ನಿರ್ಧರಿಸುವ ನಿಬಂಧನೆಗೆ 'ಉಪಾಧಿ' ಎಂದು ಹೆಸರಿಟ್ಟರು. ಯಾರಾದರೂ "ಇದಿದ್ದಲ್ಲಿ ಅದಿರುತ್ತದೆ" ಎಂದಾಗ, ನಡುವೆ ಉಪಾಧಿಯೇನಾದರೂ ಅಡಗಿದೆಯೇ ಎಂದು ಹುಡುಕುವುದು ತಾರ್ಕಿಕನ ಮೊದಲ ಕೆಲಸ.

ವ್ಯಾಪ್ತಿಯನ್ನು ತಿಳಿಯುವ ಬಗೆಯೂ ಸುಲಭವಾದುದಲ್ಲ. ಅನೇಕ ಬಾರಿ ಕಂಡದ್ದರಿಂದಲೇ ಅದು ಸಿದ್ಧವಾಗುವುದಿಲ್ಲ. ಹಂಸಗಳೆಲ್ಲ ಬಿಳಿಯವೆಂದು ಯುರೋಪಿನ ಜನರು ಶತಮಾನಗಳ ಕಾಲ ನಂಬಿದ್ದರು. ಅವರು ಕಂಡ ಹಂಸಗಳೆಲ್ಲ ಬಿಳಿಯವೇ ಆಗಿದ್ದುವು. 1697ರಲ್ಲಿ ಡಚ್ ನಾವಿಕರು ಆಸ್ಟ್ರೇಲಿಯದ ಪಶ್ಚಿಮತೀರದಲ್ಲಿ ಕಪ್ಪು ಹಂಸಗಳನ್ನು ಕಂಡರು. ಲಕ್ಷಾಂತರ ಬಿಳಿಯ ಹಂಸಗಳು ಕಟ್ಟಿದ ನಂಬಿಕೆಯನ್ನು ಕೆಡವಲು ಒಂದೇ ಕಪ್ಪು ಹಂಸವು ಸಾಕಾಯಿತು.

ರೂಪ ಮತ್ತು ವಿಷಯ

ಗ್ರೀಸ್ ದೇಶದ ಅರಿಸ್ಟಾಟಲನು (ಕ್ರಿ. ಪೂ. 384–322) ಇದೇ ಪ್ರಶ್ನೆಯನ್ನು ಬೇರೊಂದು ಬದಿಯಿಂದ ಹಿಡಿದನು. ನಮ್ಮ ನೈಯಾಯಿಕರು ಅನುಮಾನವನ್ನು ಜ್ಞಾನದ ಸಾಧನವೆಂದು ಕಂಡುದರಿಂದ, ಅದರ ಆಧಾರಗಳೂ ನಿಜವಾಗಿರಬೇಕೆಂದು ಅಪೇಕ್ಷಿಸಿದರು. ಅರಿಸ್ಟಾಟಲನು ಆಧಾರವಾಕ್ಯಗಳ ಸತ್ಯವನ್ನು ಒಂದು ಕಡೆಗಿಟ್ಟು, ಅವುಗಳಿಂದ ತೀರ್ಮಾನವು ಹೊರಡುವ ರೂಪವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದನು. ವಸ್ತುಗಳ ಹೆಸರುಗಳ ಬದಲು ಅಕ್ಷರಗಳನ್ನು ಬಳಸಿ, "ಎಲ್ಲ 'ಅ'ಗಳೂ 'ಬ'ಗಳು, ಎಲ್ಲ 'ಬ'ಗಳೂ 'ಕ'ಗಳು, ಆದ್ದರಿಂದ ಎಲ್ಲ 'ಅ'ಗಳೂ 'ಕ'ಗಳು" ಎಂಬ ರೀತಿಯಲ್ಲಿ ಬರೆಯುವ ಮಾರ್ಗವು ಅವನಿಂದ ಬಂದದ್ದು.

ಈ ಭೇದವು ತರ್ಕಶಾಸ್ತ್ರದ ಹೃದಯವಾದುದರಿಂದ ಉದಾಹರಣೆಗಳಿಂದ ಸ್ಪಷ್ಟಪಡಿಸಿಕೊಳ್ಳೋಣ.

"ಮಹಾರಾಷ್ಟ್ರದ ನಗರಗಳೆಲ್ಲ ಸಮುದ್ರತೀರದಲ್ಲಿವೆ, ಸೊಲ್ಲಾಪುರವು ಮಹಾರಾಷ್ಟ್ರದ ನಗರ, ಆದ್ದರಿಂದ ಸೊಲ್ಲಾಪುರವು ಸಮುದ್ರತೀರದಲ್ಲಿದೆ." ಇಲ್ಲಿ ತೀರ್ಮಾನವು ಸುಳ್ಳು. ಆದರೂ 'ಆದ್ದರಿಂದ' ಎಂಬ ಪದದಲ್ಲಿ ದೋಷವಿಲ್ಲ. ದೋಷವಿರುವುದು ಮೊದಲನೆಯ ವಾಕ್ಯದಲ್ಲಿ. ಆ ವಾಕ್ಯವು ನಿಜವಾಗಿದ್ದಿದ್ದರೆ ತೀರ್ಮಾನವೂ ನಿಜವಾಗಲೇಬೇಕಾಗಿದ್ದಿತು. ಇಂಥ ಅನುಮಾನವನ್ನು ರೂಪದಲ್ಲಿ 'ಸಿಂಧು' ಎನ್ನುವರು.

"ಮಹಾರಾಷ್ಟ್ರದ ಕೆಲವು ನಗರಗಳು ಸಮುದ್ರತೀರದಲ್ಲಿವೆ, ಮುಂಬಯಿಯು ಮಹಾರಾಷ್ಟ್ರದ ನಗರ, ಆದ್ದರಿಂದ ಮುಂಬಯಿಯು ಸಮುದ್ರತೀರದಲ್ಲಿದೆ." ಇಲ್ಲಿ ಮೂರು ವಾಕ್ಯಗಳೂ ನಿಜ. ಆದರೂ ಇದು ಅಸಿಂಧು. ನಂಬಿಕೆಯಾಗದಿದ್ದರೆ ಮುಂಬಯಿಯ ಸ್ಥಾನದಲ್ಲಿ ಪುಣೆಯನ್ನಿಟ್ಟು ಓದಿರಿ. ಆಧಾರವಾಕ್ಯಗಳೆರಡೂ ನಿಜವಾಗಿಯೇ ಉಳಿಯುತ್ತವೆ. ತೀರ್ಮಾನ ಮಾತ್ರ ಸುಳ್ಳಾಗುತ್ತದೆ. ಮುಂಬಯಿಯ ವಿಷಯದಲ್ಲಿ ತೀರ್ಮಾನವು ನಿಜವಾದದ್ದು ನಮ್ಮ ಭೂಗೋಳಜ್ಞಾನದಿಂದಲೇ ಹೊರತು ಈ ಅನುಮಾನದ ಬಲದಿಂದಲ್ಲ.

ಇದರಿಂದ ಎರಡು ಪಾಠಗಳು ದೊರೆಯುವುವು. ತೀರ್ಮಾನವು ನಿಜವಾಗಿದೆಯೆಂದ ಮಾತ್ರಕ್ಕೆ ಅದಕ್ಕೆ ಕೊಟ್ಟ ಕಾರಣವು ಸರಿಯೆಂದು ಒಪ್ಪಬಾರದು. ಕಾರಣವು ತಪ್ಪಾಗಿದೆಯೆಂದ ಮಾತ್ರಕ್ಕೆ ತೀರ್ಮಾನವು ಸುಳ್ಳೆಂದೂ ಸಾರಬಾರದು. ಕಾರಣವು ಬಿದ್ದುಹೋದಾಗ ನಾವು ನಿಲ್ಲಬೇಕಾದ ಸ್ಥಳವು "ಇದು ಇನ್ನೂ ಸಿದ್ಧವಾಗಿಲ್ಲ" ಎಂಬುದು. ಆ ಸ್ಥಳದಲ್ಲಿ ತಾಳ್ಮೆಯಿಂದ ನಿಲ್ಲುವುದು ಮನಸ್ಸಿಗೆ ಬಹಳ ಕಷ್ಟ.

ನಾಲ್ಕು ದಾರಿಗಳು

ನಿತ್ಯಜೀವನದಲ್ಲಿ ನಾವು ಹೆಚ್ಚಾಗಿ ಬಳಸುವ ಅನುಮಾನಗಳು "ಹೀಗಾದರೆ ಹಾಗಾಗುವುದು" ಎಂಬ ವಾಕ್ಯದಿಂದ ಹೊರಡುತ್ತವೆ. ಮುಂಬಯಿಯ ಮಳೆಗಾಲವನ್ನೇ ತೆಗೆದುಕೊಳ್ಳಿರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿವಸದಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಲೋಕಲ್ ಗಾಡಿಗಳು ನಿಂತುಹೋದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆದ್ದರಿಂದ ಈ ವಾಕ್ಯವನ್ನು ಒಪ್ಪಿಕೊಂಡು ಮುಂದುವರಿಯೋಣ: "ಹಳಿಗಳ ಮೇಲೆ ನೀರು ನಿಂತರೆ ಗಾಡಿಗಳು ತಡವಾಗುತ್ತವೆ." ಇದರಿಂದ ನಾಲ್ಕು ದಾರಿಗಳು ಹೊರಡುತ್ತವೆ.

ಮೊದಲನೆಯದು: ಹಳಿಗಳ ಮೇಲೆ ನೀರು ನಿಂತಿದೆ; ಆದ್ದರಿಂದ ಗಾಡಿಗಳು ತಡವಾಗುತ್ತವೆ. ಇದು ಸಿಂಧು.

ಎರಡನೆಯದು: ಗಾಡಿಗಳು ತಡವಾಗಿಲ್ಲ; ಆದ್ದರಿಂದ ಹಳಿಗಳ ಮೇಲೆ ನೀರು ನಿಂತಿಲ್ಲ. ಇದೂ ಸಿಂಧು. ನೀರು ನಿಂತಿದ್ದಿದ್ದರೆ ತಡವಾಗಬೇಕಾಗಿದ್ದಿತಷ್ಟೆ?

ಮೂರನೆಯದು: ಗಾಡಿಗಳು ತಡವಾಗಿವೆ; ಆದ್ದರಿಂದ ಹಳಿಗಳ ಮೇಲೆ ನೀರು ನಿಂತಿದೆ. ಇದು ಅಸಿಂಧು. ಸಿಗ್ನಲ್ ಕೆಟ್ಟಿರಬಹುದು, ಮೇಲಿನ ವಿದ್ಯುತ್ ತಂತಿ ಕಡಿದಿರಬಹುದು.

ನಾಲ್ಕನೆಯದು: ಹಳಿಗಳ ಮೇಲೆ ನೀರು ನಿಂತಿಲ್ಲ, ಆದ್ದರಿಂದ ಗಾಡಿಗಳು ತಡವಾಗಿಲ್ಲ. ಇದೂ ಅದೇ ಕಾರಣದಿಂದ ಅಸಿಂಧು.

ಹೊಗೆ ಬೆಂಕಿಗಳ ವಿಷಯದಲ್ಲಿ ಕಂಡ 'ವ್ಯಾಪ್ತಿಯ ದಿಕ್ಕು' ಇಲ್ಲಿಯೂ ಇದೆಯೆಂಬುದನ್ನು ಓದುಗರು ಗುರುತಿಸಿರಬಹುದು. ಹೊಗೆಯಿಂದ ಬೆಂಕಿಗೆ ಹೋಗುವುದು ಮೊದಲನೆಯ ದಾರಿ; ಬೆಂಕಿಯಿಂದ ಹೊಗೆಗೆ ಹೋಗುವುದು ಮೂರನೆಯ ದಾರಿ. ಮೂರನೆಯ ದಾರಿಯು ಮೊದಲನೆಯದರಂತೆಯೇ ಕಾಣುವುದರಿಂದ ಮನಸ್ಸು ಎಚ್ಚರವಿಲ್ಲದೆ ಅತ್ತ ಕಾಲಿಡುತ್ತದೆ. "ತಪ್ಪು ಮಾಡಿದವನು ಅಂಜುತ್ತಾನೆ, ಇವನು ಅಂಜುತ್ತಿದ್ದಾನೆ, ಆದ್ದರಿಂದ ಇವನೇ ತಪ್ಪು ಮಾಡಿದವನು." ಗಾಡಿಯ ವಿಷಯದಲ್ಲಿ ನಮಗೆ ತಪ್ಪೆಂದು ತೋರಿದ ಅದೇ ದಾರಿ ಇದು. ನಿರಪರಾಧಿಯಾದ ಬಾಲಕನೂ ಎಲ್ಲರ ಮುಂದೆ ಪ್ರಶ್ನೆ ಕೇಳಿದಾಗ ಅಂಜಬಹುದು. ಗಾಡಿಯ ವಿಷಯದಲ್ಲಿ ತಪ್ಪಿದರೆ ಹತ್ತು ನಿಮಿಷ ನಷ್ಟ. ಇಲ್ಲಿ ತಪ್ಪಿದರೆ ಒಬ್ಬನ ಮಾನ ನಷ್ಟ.

ತಪ್ಪು ಅನುಮಾನದ ಫಲ

ಮಾನಕ್ಕಿಂತ ಹೆಚ್ಚಿನದೂ ನಷ್ಟವಾದದ್ದುಂಟು. 2018ರಲ್ಲಿ ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆಂಬ ವದಂತಿಯು ಮೊಬೈಲ್ ಸಂದೇಶಗಳ ಮೂಲಕ ದೇಶದ ಅನೇಕ ಕಡೆ ಹಬ್ಬಿತು. ಆ ವರ್ಷದ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ, ಭಿಕ್ಷಾಟನೆಯಿಂದ ಜೀವಿಸುವ ಅಲೆಮಾರಿ ಸಮುದಾಯದ ಐವರನ್ನು ಜನರ ಗುಂಪೊಂದು ಮಕ್ಕಳ ಕಳ್ಳರೆಂದು ಭಾವಿಸಿ ಹೊಡೆದು ಕೊಂದಿತು. ಅದೇ ತಿಂಗಳಲ್ಲಿ ಕರ್ನಾಟಕದ ಬೀದರ ಜಿಲ್ಲೆಯಲ್ಲಿಯೂ ಇಂಥದೇ ವದಂತಿಗೆ ಒಬ್ಬ ಯುವಕನು ಬಲಿಯಾದನು.

ಇಂಥ ಗುಂಪಿನ ಮನಸ್ಸಿನಲ್ಲಿ ನಡೆಯುವ ವಿಚಾರವನ್ನು ಬಿಡಿಸಿ ಬರೆದರೆ ಅದು ಹೀಗಿರುತ್ತದೆ: "ಮಕ್ಕಳ ಕಳ್ಳರು ಊರಿಗೆ ಅಪರಿಚಿತರು, ಇವರು ಊರಿಗೆ ಅಪರಿಚಿತರು, ಆದ್ದರಿಂದ ಇವರು ಮಕ್ಕಳ ಕಳ್ಳರು." ಕಾಗದದ ಮೇಲೆ ಬರೆದೊಡನೆಯೇ ಇದರ ದೋಷವು ಕಣ್ಣಿಗೆ ಹೊಡೆಯುತ್ತದೆ. ಇದು ಮೂರನೆಯ ದಾರಿ. ಅಪರಿಚಿತತ್ವವು ಕಳ್ಳರಲ್ಲಿಯೂ ಇರಬಹುದು, ಕಳ್ಳರಲ್ಲದವರಲ್ಲಿಯೂ ಇರಬಹುದು. ಹೀಗೆ ಎರಡು ಕಡೆಗೂ ಸೇರುವ ಹೇತುವನ್ನು ನೈಯಾಯಿಕರು 'ಅನೈಕಾಂತಿಕ' ಎಂದು ಕರೆದು, ಹೇತುವಿನಂತೆ ಕಂಡರೂ ಹೇತುವಲ್ಲದ 'ಹೇತ್ವಾಭಾಸ'ಗಳಲ್ಲಿ ಸೇರಿಸಿದ್ದಾರೆ. ನಮ್ಮ ಹಿರಿಯರು ವಿಜಾಪುರ, ಕಲಬುರ್ಗಿ, ಉಡುಪಿ, ಕಾರವಾರಗಳಿಂದ ಹೊಟ್ಟೆಪಾಡಿಗಾಗಿ ಈ ನಗರಗಳಿಗೆ ಬಂದಿಳಿದಾಗ ಅವರೂ ಅಪರಿಚಿತರೇ ಆಗಿದ್ದರು. ಅಪರಿಚಿತತ್ವವೇ ಅಪರಾಧದ ಗುರುತಾಗಿದ್ದರೆ ನಾವಾರೂ ಇಂದು ಇಲ್ಲಿ ಇರುತ್ತಿರಲಿಲ್ಲ.

ಆ ಗುಂಪಿನವರಲ್ಲಿ ಇದ್ದದ್ದು ಲೋಕದ ಮಾತಿನ 'ಅನುಮಾನ', ಎಂದರೆ ಸಂದೇಹ. ಅವರು ನಡೆದುಕೊಂಡದ್ದು ಅದು ಶಾಸ್ತ್ರದ 'ಅನುಮಾನ', ಎಂದರೆ ನಿಶ್ಚಯ, ಎಂಬಂತೆ. ಇವೆರಡರ ನಡುವೆ ಇರಬೇಕಾದ ಪರೀಕ್ಷೆಯು ನಡೆಯಲೇ ಇಲ್ಲ. ಆ ಪರೀಕ್ಷೆಗೆ ತರ್ಕವೆಂದು ಹೆಸರು. ಅದೇ ಜುಲೈ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ರವಾನಿಸುವಂತೆ ಮಿತಿಗೊಳಿಸುವುದಾಗಿ ಪ್ರಕಟಿಸಿತು. ಯಂತ್ರಕ್ಕೆ ಹೊರಗಿನಿಂದ ಮಿತಿ ಹಾಕಬಹುದು. ಸಂದೇಶವನ್ನು ಓದಿದವನ ಮನಸ್ಸು ಹಾರುವ ತೀರ್ಮಾನಕ್ಕೆ ಹೊರಗಿನವರು ಮಿತಿ ಹಾಕಲಾರರು; ಅದನ್ನು ಅವನೇ ಹಾಕಿಕೊಳ್ಳಬೇಕು. ಆದ್ದರಿಂದ ತರ್ಕದ ಅಭ್ಯಾಸವು ಬುದ್ಧಿಯ ವಿನೋದಕ್ಕೆ ಮಾತ್ರ ಸಲ್ಲುವುದಲ್ಲ. ಅದು ನೆರೆಯವನಿಗೆ ನಾವು ಸಲ್ಲಿಸಬೇಕಾದ ನ್ಯಾಯದ ಒಂದು ಭಾಗ. ನಮ್ಮ ಪೂರ್ವಿಕರು ಈ ದರ್ಶನಕ್ಕೆ 'ನ್ಯಾಯ'ವೆಂದೇ ಹೆಸರಿಟ್ಟಿರುವುದು ಉಚಿತವಾಗಿಯೇ ಇದೆ.

ಇದು ತತ್ತ್ವಶಾಸ್ತ್ರದ ಅಂಗವೇಕೆ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಮನಸ್ಸಿನ ವ್ಯಾಪಾರಗಳನ್ನು ವಿಚಾರಿಸಲು ಮನಶ್ಶಾಸ್ತ್ರವಿದೆಯಲ್ಲ. ತರ್ಕಶಾಸ್ತ್ರವೇಕೆ ಬೇರೆ ಬೇಕು? ಉತ್ತರವಿಷ್ಟೆ: ಒಂದು ತರಗತಿಯ ಹುಡುಗರು 7 ಮತ್ತು 5ನ್ನು ಕೂಡಿಸಿ 13 ಎಂದು ಬರೆದರೆನ್ನಿ. ಅವರು ಹಾಗೇಕೆ ಬರೆದರು, ಆಯಾಸದಿಂದಲೋ ಅವಸರದಿಂದಲೋ, ಎಂಬುದು ಮನಶ್ಶಾಸ್ತ್ರದ ಪ್ರಶ್ನೆ. ಮೊತ್ತವು 12 ಎಂಬುದು ಗಣಿತದ ಮಾತು. ಎಲ್ಲರೂ ಸೇರಿ 13 ಎಂದು ಬರೆದರೂ ಅದು ಬದಲಾಗದು. ಹಾಗೆಯೇ ಜನರು ಹೇಗೆ ವಿಚಾರಮಾಡುತ್ತಾರೆ ಎಂಬುದನ್ನು ತರ್ಕಶಾಸ್ತ್ರವು ಕೇಳುವುದಿಲ್ಲ. ಯಾವುದರಿಂದ ಯಾವುದು ನಿಜವಾಗಿ ಸಿದ್ಧಿಸುತ್ತದೆ ಎಂಬುದನ್ನು ಕೇಳುತ್ತದೆ. ಇಡೀ ಊರು ಒಪ್ಪಿದ ಮಾತ್ರಕ್ಕೆ ಅಸಿಂಧುವಾದ ಅನುಮಾನವು ಸಿಂಧುವಾಗದು. ಜರ್ಮನಿಯ ಫ್ರೇಗೆ (1848–1925) ಎಂಬ ಗಣಿತಜ್ಞನು ಈ ಭೇದವನ್ನು ಬಲವಾಗಿ ಪ್ರತಿಪಾದಿಸಿದನು. ಅವನು 1879ರಲ್ಲಿ ಪ್ರಕಟಿಸಿದ ಚಿಕ್ಕ ಗ್ರಂಥದಿಂದ ಆಧುನಿಕ ತರ್ಕಶಾಸ್ತ್ರವು ಹೊಸ ತಿರುವನ್ನು ಪಡೆಯಿತು.

ಭೌತಶಾಸ್ತ್ರಕ್ಕೆ ಅದರದೇ ವಸ್ತುಗಳುಂಟು, ಸಸ್ಯಶಾಸ್ತ್ರಕ್ಕೆ ಅದರದೇ ವಸ್ತುಗಳುಂಟು. ತರ್ಕಕ್ಕೆ ಅಂಥ ಪ್ರತ್ಯೇಕ ವಸ್ತುಪ್ರಪಂಚವಿಲ್ಲ; ಪ್ರತಿಯೊಂದು ಶಾಸ್ತ್ರದಲ್ಲಿಯೂ 'ಆದ್ದರಿಂದ' ಬರುವಲ್ಲೆಲ್ಲ ತರ್ಕವಿರುತ್ತದೆ. ಉಳಿದ ಶಾಸ್ತ್ರಗಳು ಪ್ರಮಾಣವನ್ನು ಬಳಸುತ್ತವೆ. ಪ್ರಮಾಣವೆಂದರೇನೆಂದು ತತ್ತ್ವಶಾಸ್ತ್ರವು ಕೇಳುತ್ತದೆ. ಹೀಗೆ ಎಲ್ಲರೂ ಕೇಳದೆ ಒಪ್ಪಿಕೊಂಡದ್ದನ್ನು ಕೇಳಿ ನೋಡುವುದೇ ತತ್ತ್ವವಿಚಾರದ ಲಕ್ಷಣವಾದ್ದರಿಂದ ತರ್ಕವು ಅದರ ಅಂಗವಾಗಿದೆ.

ಈ ವಿಚಾರದಿಂದ ಯಾರೂ ನಿರೀಕ್ಷಿಸದಿದ್ದ ಲೌಕಿಕಫಲವೂ ದೊರೆಯಿತು. 1806ರಲ್ಲಿ ನಮ್ಮ ದೇಶದ ಮಧುರೆಯಲ್ಲಿ ಜನಿಸಿದ ಡಿ ಮಾರ್ಗನ್ ಮತ್ತು ಅವನ ಸಮಕಾಲೀನನಾದ ಜಾರ್ಜ್ ಬೂಲ್ ಎಂಬ ಆಂಗ್ಲ ಗಣಿತಜ್ಞರು ತರ್ಕವನ್ನು ಬೀಜಗಣಿತದಂತೆ ಬರೆಯುವ ಮಾರ್ಗವನ್ನು ತೋರಿಸಿದರು. ಡಿ ಮಾರ್ಗನ್ನನ ಹೆಸರಿನ ನಿಯಮವೊಂದನ್ನು ನೋಡಿರಿ. "ಅವನು ಕನ್ನಡ, ಗಣಿತ ಎರಡರಲ್ಲಿಯೂ ತೇರ್ಗಡೆಯಾದನು" ಎಂಬುದು ಸುಳ್ಳಾದರೆ, ಅವನು ಎರಡರಲ್ಲಿಯೂ ನಪಾಸಾದನೆಂದು ಅರ್ಥವಲ್ಲ. ಎರಡರಲ್ಲಿ ಒಂದರಲ್ಲಾದರೂ ನಪಾಸಾದನೆಂದು ಮಾತ್ರ ಅರ್ಥ. ಬೂಲನ ಮುಖ್ಯಗ್ರಂಥವು 1854ರಲ್ಲಿ ಹೊರಬಂದಿತು. 1937ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ವಿದ್ಯಾರ್ಥಿಯು, ಬೂಲನ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳ ಜೋಡಣೆಗೆ ಅನ್ವಯಿಸಬಹುದೆಂದು ತನ್ನ ಪ್ರಬಂಧದಲ್ಲಿ ತೋರಿಸಿದನು. ಇಂದು ನಮ್ಮ ಕೈಯಲ್ಲಿರುವ ಗಣಕ, ಮೊಬೈಲ್‌ಗಳ ಒಳಗೆ ನಡೆಯುವ ಕೆಲಸಕ್ಕೆ ಇದೇ ತಳಹದಿ.

ವಾದ, ಜಲ್ಪ, ವಿತಂಡ

ತರ್ಕವನ್ನು ಕಲಿತವನು ಜಗಳಗಂಟನಾಗುತ್ತಾನೆಂಬ ಅಪವಾದವು ಲೋಕದಲ್ಲಿದೆ. ನೈಯಾಯಿಕರು ಇದನ್ನು ಮೊದಲೇ ಊಹಿಸಿದ್ದರೆಂದು ತೋರುತ್ತದೆ. ಅವರು ಚರ್ಚೆಯನ್ನು 3 ವಿಧವಾಗಿ ವಿಂಗಡಿಸಿದರು. ಸತ್ಯವನ್ನು ತಿಳಿಯಬೇಕೆಂಬ ಒಂದೇ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂಬ ಇಚ್ಛೆಯಿಂದ, ಬೇಕಾದರೆ ಛಲಾದಿಗಳನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂದು ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡಹುವುದೊಂದನ್ನೇ ಮಾಡುವುದು ವಿತಂಡ. ಶಾಲೆಯ ಚರ್ಚಾಕೂಟಗಳಲ್ಲಿ ಭಾಗವಹಿಸುವ ವಿದ್ಯಾರ್ಥಿಗಳು, ತಾವು ಈ ಮೂರರಲ್ಲಿ ಯಾವುದನ್ನು ನಡೆಸುತ್ತಿದ್ದೇವೆಂದು ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.

ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಇನ್ನೊಂದು ಒಳ್ಳೆಯ ಸಂಪ್ರದಾಯವುಂಟು. ಗ್ರಂಥಕಾರನು ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಮತವನ್ನು 'ಪೂರ್ವಪಕ್ಷ'ವೆಂದು ನಿರೂಪಿಸುತ್ತಾನೆ. ಕನ್ನಡನಾಡಿನಲ್ಲಿ ಇದಕ್ಕೆ ಉಜ್ವಲವಾದ ನಿದರ್ಶನವಿದೆ. ವಿಜಯನಗರದ ಕಾಲದಲ್ಲಿ ಬಾಳಿದ ವ್ಯಾಸತೀರ್ಥರು, ಪುರಂದರದಾಸರ ಗುರುಗಳೆಂದು ನಾವೆಲ್ಲ ಬಲ್ಲವರು, ಸಂಸ್ಕೃತದಲ್ಲಿ ರಚಿಸಿದ 'ತರ್ಕತಾಂಡವ'ದಲ್ಲಿ ನ್ಯಾಯಮತವನ್ನು ವಿಮರ್ಶಿಸಿದರು. ಅದಕ್ಕಾಗಿ ಅವರು ದೂರದ ಮಿಥಿಲೆಯ ಗಂಗೇಶೋಪಾಧ್ಯಾಯನ 'ತತ್ತ್ವಚಿಂತಾಮಣಿ'ಯಂಥ ಕಠಿನ ಗ್ರಂಥವನ್ನು ಆಳವಾಗಿ ಅಭ್ಯಸಿಸಿದ್ದರು. ಖಂಡಿಸುವುದಕ್ಕೆ ಮೊದಲು ಅರ್ಥಮಾಡಿಕೊಳ್ಳಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ನೀತಿ.

ತರ್ಕದ ಮಿತಿ

ಕೊನೆಯದಾಗಿ, ತರ್ಕದಿಂದ ಏನಾಗದು ಎಂಬುದನ್ನೂ ಹೇಳಬೇಕು. ಆಧಾರವಾಕ್ಯಗಳನ್ನು ಅದು ತಾನೇ ತಂದುಕೊಡದು. ಅವು ಕಣ್ಣಿನಿಂದ, ಕಿವಿಯಿಂದ, ಪ್ರಯೋಗದಿಂದ, ನಂಬಿಕೆಗೆ ಅರ್ಹರಾದವರ ಮಾತಿನಿಂದ ಬರಬೇಕು. ಸುಳ್ಳು ಆಧಾರದಿಂದ ಹೊರಟವನನ್ನು ತರ್ಕವು ನೇರವಾಗಿ ಸುಳ್ಳಿಗೇ ಕೊಂಡೊಯ್ಯಬಲ್ಲುದು. ಸೊಲ್ಲಾಪುರದ ಉದಾಹರಣೆಯಲ್ಲಿ ಇದನ್ನು ನಾವು ಕಂಡಿದ್ದೇವೆ. ಏನನ್ನು ಪ್ರೀತಿಸಬೇಕು, ಯಾರಿಗೆ ಮರುಗಬೇಕು ಎಂಬುದನ್ನೂ ಅದು ಕಲಿಸದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಚಾರವಿದ್ಯೆಯನ್ನು ದೀಪಕ್ಕೆ ಹೋಲಿಸಲಾಗಿದೆ. ಹೋಲಿಕೆ ಸಾರ್ಥಕವಾಗಿದೆ. ದೀಪವು ಮನೆಯಲ್ಲಿಲ್ಲದ ವಸ್ತುವನ್ನು ತಂದಿಡದು. ಹಗ್ಗವನ್ನು ಹಾವೆಂದು ಬಡಿಯಹೋದವನ ಕೈಯನ್ನು ಮಾತ್ರ ತಡೆಯುವುದು.

ವಿದ್ಯಾರ್ಥಿಮಿತ್ರರೇ, ಇದನ್ನು ಅಭ್ಯಾಸಮಾಡಲು ದೊಡ್ಡ ಗ್ರಂಥಗಳೇ ಬೇಕೆಂದಿಲ್ಲ. ದಿನಪತ್ರಿಕೆ, ಜಾಹೀರಾತು, ಮೊಬೈಲಿಗೆ ಬಂದ ಸಂದೇಶ, ಗೆಳೆಯರ ಮಾತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮನಸ್ಸಿನ ಮಾತು - ಇವುಗಳಲ್ಲಿ 'ಆದ್ದರಿಂದ' ಎಂಬ ಪದವು ಬಂದಲ್ಲಿ ಒಂದು ಕ್ಷಣ ನಿಂತು, ಹಿಂದಿನ ವಾಕ್ಯಗಳು ನಿಜವೇ, ನಿಜವಾದರೂ ಅವುಗಳಿಂದ ಇದು ಬರುತ್ತದೆಯೇ ಎಂದು ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಅಭ್ಯಾಸಕ್ಕಾಗಿ ಕೆಲವು ಅನುಮಾನಗಳನ್ನು ಕೆಳಗೆ ಕೊಟ್ಟಿದೆ. ಇವುಗಳಲ್ಲಿ ಒಂದು ಮಾತ್ರ ಸಿಂಧು. ಅದಾವುದೆಂದೂ, ಉಳಿದವುಗಳ ದೋಷವೇನೆಂದೂ ವಿಚಾರಿಸಿ ನೋಡಿರಿ.

1. ಚೆನ್ನಾಗಿ ಓದಿದವರು ತೇರ್ಗಡೆಯಾಗುತ್ತಾರೆ. ಅವಳು ತೇರ್ಗಡೆಯಾಗಿದ್ದಾಳೆ. ಆದ್ದರಿಂದ ಅವಳು ಚೆನ್ನಾಗಿ ಓದಿದ್ದಾಳೆ.

2. ಈ ಪುಡಿಯನ್ನು ಹಾಲಿನಲ್ಲಿ ಕುಡಿದ ಮಕ್ಕಳು ಒಂದು ವರ್ಷದಲ್ಲಿ ಎತ್ತರವಾದರು. ಆದ್ದರಿಂದ ಈ ಪುಡಿಯೇ ಅವರನ್ನು ಎತ್ತರಗೊಳಿಸಿತು.

3. ರಜೆಯಿದ್ದರೆ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಇಂದು ಬಾಗಿಲು ಮುಚ್ಚಿಲ್ಲ. ಆದ್ದರಿಂದ ಇಂದು ರಜೆಯಿಲ್ಲ.

4. ಆ ಸಂದೇಶವು ಸುಳ್ಳೆಂದು ಯಾರೂ ತೋರಿಸಿಲ್ಲ. ಆದ್ದರಿಂದ ಅದು ನಿಜ.